ಸಿಮ್ ಲಾಕ್

ಸಿಮ್ ಲಾಕ್ ಎಂಬುದು ಮೊಬೈಲ್ ಫೋನೊಂದು ನಿರ್ದಿಷ್ಟ ದೂರಸಂಪರ್ಕ ಕಂಪನಿಯ ಅಥವಾ ನಿರ್ದಿಷ್ಟ ದೇಶದ ಸಿಮ್ ಕಾರ್ಡ್‌ಗಳೊಂದಿಗೆ ಮಾತ್ರ ಕೆಲಸ ಮಾಡುವಂತೆ ತಯಾರಕರು ಅಳವಡಿಸುವ ತಾಂತ್ರಿಕ ನಿರ್ಬಂಧವಾಗಿದೆ. ಇದಕ್ಕೆ ನೆಟ್‌ವರ್ಕ್ ಲಾಕ್, ಕ್ಯಾರಿಯರ್ ಲಾಕ್ ಎಂಬ ಹೆಸರುಗಳೂ ಇವೆ. ಇಂತಹ ಫೋನನ್ನು ಆಡುಮಾತಿನಲ್ಲಿ 'ಲಾಕ್ಡ್ ಫೋನ್' ಎನ್ನುತ್ತಾರೆ. ಲಾಕ್ ಇರುವ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಿದರೆ ಫೋನು ಆನ್ ಆಗುತ್ತದೆ, ವೈಫೈ, ಕ್ಯಾಮೆರಾ ಮುಂತಾದವೆಲ್ಲ ಕೆಲಸ ಮಾಡುತ್ತವೆ. ಆದರೆ ಕರೆ, ಸಂದೇಶ ಮತ್ತು ಮೊಬೈಲ್ ಇಂಟರ್ನೆಟ್ ದೊರೆಯುವುದಿಲ್ಲ. ಈ ಕಾರಣದಿಂದ ವಿದೇಶದಿಂದ ತಂದ ಅಥವಾ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಫೋನುಗಳಲ್ಲಿ ಕಂಡುಬರುವ 'ಸಿಗ್ನಲ್ ಇಲ್ಲ' ಎಂಬ ದೂರಿಗೆ ಸಿಮ್ ಲಾಕ್ ಒಂದು ಮುಖ್ಯ ಕಾರಣವಾಗಿದೆ. ಆದರೆ ಅದೊಂದೇ ಕಾರಣವಲ್ಲ. ಕಪ್ಪುಪಟ್ಟಿಗೆ ಸೇರಿದ ಫೋನು, ಸ್ಥಳೀಯ ಆವರ್ತನಗಳಿಗೆ ಹೊಂದದ ಫೋನು ಮತ್ತು ಆಂಟೆನಾ ಕೆಟ್ಟಿರುವ ಫೋನು ಇವೆಲ್ಲವೂ ಮೇಲ್ನೋಟಕ್ಕೆ ಒಂದೇ ರೀತಿಯ ತೊಂದರೆಯನ್ನು ತೋರಿಸುತ್ತವೆ. ಅವುಗಳ ಪರಿಹಾರ ಮಾತ್ರ ಬೇರೆ ಬೇರೆಯಾಗಿದ್ದು, ಕೆಲವಕ್ಕೆ ಪರಿಹಾರವೇ ಇರುವುದಿಲ್ಲ.

ಹಿನ್ನೆಲೆ

1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿಎಸ್‌ಎಂ ಸೇವೆಯ ಒಂದು ವಿಶೇಷವೆಂದರೆ ಅದು ಫೋನನ್ನೂ ಚಂದಾದಾರಿಕೆಯನ್ನೂ ಬೇರ್ಪಡಿಸಿದ್ದು. ಗ್ರಾಹಕನ ಗುರುತು ಫೋನಿನಲ್ಲಿರದೆ ಸಿಮ್ ಎಂಬ ಸಣ್ಣ ಕಾರ್ಡಿನಲ್ಲಿರುತ್ತದೆ. ಕಾರ್ಡನ್ನು ತೆಗೆದು ಬೇರೊಂದು ಫೋನಿಗೆ ಹಾಕಿದರೆ ಸಂಖ್ಯೆಯೂ ಅದರ ಜೊತೆಗೇ ಹೋಗುತ್ತದೆ. ಗ್ರಾಹಕರಿಗೆ ಇದು ಸ್ವಾತಂತ್ರ್ಯವಾದರೂ ಫೋನುಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದ ಕಂಪನಿಗಳಿಗೆ ಇದರಿಂದ ಒಂದು ಚಿಂತೆ ಹುಟ್ಟಿತು. ಯುರೋಪ್ ಮತ್ತು ಅಮೆರಿಕದ ಹಲವು ಕಂಪನಿಗಳು ಫೋನಿನ ಬೆಲೆಯ ದೊಡ್ಡ ಭಾಗವನ್ನು ತಾವೇ ಭರಿಸಿ, ಒಂದು ಅಥವಾ ಎರಡು ವರ್ಷಗಳ ಕರಾರಿನ ಮಾಸಿಕ ಶುಲ್ಕದಿಂದ ಆ ಹಣವನ್ನು ಮರಳಿ ಪಡೆಯುತ್ತಿದ್ದವು. ಗ್ರಾಹಕನು ಅಗ್ಗದ ಫೋನನ್ನು ಕೊಂಡು ಮರುದಿನವೇ ಪ್ರತಿಸ್ಪರ್ಧಿಯ ಸಿಮ್ ಹಾಕಿಕೊಂಡರೆ ಈ ಲೆಕ್ಕಾಚಾರ ತಲೆಕೆಳಗಾಗುತ್ತಿತ್ತು. ಅದನ್ನು ತಡೆಯಲು ಬಂದದ್ದೇ ಸಿಮ್ ಲಾಕ್.

ಈ ವ್ಯವಸ್ಥೆಯು ಸಾರ್ವಜನಿಕ ಚರ್ಚೆಗೆ ಬಂದದ್ದು ಹೆಚ್ಚಾಗಿ ಐಫೋನ್‌ನಿಂದ. 2007ರ ಜೂನ್ 29ರಂದು ಅಮೆರಿಕದಲ್ಲಿ ಬಿಡುಗಡೆಯಾದ ಮೊದಲ ಐಫೋನ್ ಎಟಿ&ಟಿ ಕಂಪನಿಯ ಜಾಲಕ್ಕೆ ಮಾತ್ರ ಮೀಸಲಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾರ್ಜ್ ಹಾಟ್ಜ್ ಎಂಬ 17 ವರ್ಷದ ಹುಡುಗ ಯಂತ್ರಾಂಶವನ್ನು ಬಿಚ್ಚಿ ಅದರ ಲಾಕ್ ತೆಗೆದು, ಬೇರೊಂದು ಕಂಪನಿಯ ಸಿಮ್‌ನಲ್ಲಿ ಕರೆ ಮಾಡಿ ತೋರಿಸಿದನು. ಜರ್ಮನಿಯಲ್ಲಿ ಅದೇ ವರ್ಷದ ನವೆಂಬರ್‌ನಲ್ಲಿ ವೊಡಾಫೋನ್ ಕಂಪನಿಯು ಟಿ-ಮೊಬೈಲ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಕರಾರಿನೊಂದಿಗೆ 399 ಯೂರೋಗಳಿಗೆ ಮಾರುತ್ತಿದ್ದ ಐಫೋನನ್ನು ಟಿ-ಮೊಬೈಲ್ ಆಗ ಲಾಕ್ ಇಲ್ಲದೆ 999 ಯೂರೋಗಳಿಗೆ ಮಾರಬೇಕಾಯಿತು. ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ನ್ಯಾಯಾಲಯವು ತಡೆಯಾಜ್ಞೆಯನ್ನು ತೆರವುಗೊಳಿಸಿತು. ಲಾಕ್‌ನ ಹಿಂದೆ ಎಷ್ಟು ಹಣದ ವಿಷಯವಿದೆ ಎಂಬುದಕ್ಕೆ ಈ ಎರಡು ಬೆಲೆಗಳ ಅಂತರವೇ ಸಾಕ್ಷಿ.

ಕಾರ್ಯವಿಧಾನ

ಪ್ರತಿಯೊಂದು ಸಿಮ್‌ನಲ್ಲೂ ಐಎಂಎಸ್‌ಐ ಎಂಬ ಗುರುತು ಸಂಖ್ಯೆ ಇರುತ್ತದೆ. ಇದು ಗರಿಷ್ಠ 15 ಅಂಕಿಗಳದ್ದು. ನಾವು ಡಯಲ್ ಮಾಡುವ ಮೊಬೈಲ್ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ. ಇದರ ಮೊದಲ ಮೂರು ಅಂಕಿಗಳು ದೇಶವನ್ನೂ ನಂತರದ ಎರಡು ಅಥವಾ ಮೂರು ಅಂಕಿಗಳು ಆ ದೇಶದೊಳಗಿನ ಜಾಲವನ್ನೂ ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405 ಎಂಬ ದೇಶ ಸಂಕೇತಗಳು ಬಳಕೆಯಲ್ಲಿವೆ. ಬ್ರಿಟನ್ನಿಗೆ 234 ಮತ್ತು 235. ಅಮೆರಿಕಕ್ಕೆ 310ರಿಂದ ಮುಂದಿನ ಕೆಲವು ಸಂಖ್ಯೆಗಳು. ಭಾರತದಲ್ಲಿ ಒಂದೇ ಕಂಪನಿಯು ಬೇರೆ ಬೇರೆ ದೂರಸಂಪರ್ಕ ವಲಯಗಳಲ್ಲಿ ಬೇರೆ ಬೇರೆ ಸಂಕೇತಗಳನ್ನು ಹೊಂದಿರುವುದು ವಾಡಿಕೆ. ಕರ್ನಾಟಕ ವಲಯದಲ್ಲಿ ಏರ್‌ಟೆಲ್‌ಗೆ 404-45, ಬಿಎಸ್‌ಎನ್‌ಎಲ್‌ಗೆ 404-71 ಎಂಬ ಸಂಕೇತಗಳಿವೆ.

ಲಾಕ್ ಇರುವ ಫೋನನ್ನು ಆನ್ ಮಾಡಿದಾಗ ಅದರ ಮೋಡೆಮ್ ಮೊದಲು ಸಿಮ್‌ನಿಂದ ಈ ಸಂಖ್ಯೆಯನ್ನು ಓದುತ್ತದೆ. ತನ್ನ ಸ್ಮೃತಿಯಲ್ಲಿ ಬರೆದಿಟ್ಟಿರುವ ಅನುಮತಿ ಪಟ್ಟಿಯೊಂದಿಗೆ ಅದರ ಆರಂಭದ ಅಂಕಿಗಳನ್ನು ಹೋಲಿಸುತ್ತದೆ. ಹೊಂದಿದರೆ ಮುಂದುವರಿದು ಜಾಲದಲ್ಲಿ ನೋಂದಣಿಗೆ ಯತ್ನಿಸುತ್ತದೆ. ಹೊಂದದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಅಂದರೆ ತಿರಸ್ಕಾರವು ನಡೆಯುವುದು ಫೋನಿನ ಒಳಗೇ. ಆ ಸಿಮ್ ಬಳಸಿ ಒಂದು ನೋಂದಣಿ ಕೋರಿಕೆಯೂ ಗೋಪುರದವರೆಗೆ ಹೋಗಿರುವುದಿಲ್ಲ. ಆದ್ದರಿಂದ ಸಿಮ್ ನೀಡಿದ ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ದೂರು ಕೊಟ್ಟರೆ 'ನಮ್ಮ ಕಡೆಯಿಂದ ಎಲ್ಲವೂ ಸರಿಯಿದೆ' ಎಂಬ ಉತ್ತರ ಬರುವುದು ಸಹಜ. ಆ ಉತ್ತರ ಸುಳ್ಳೂ ಅಲ್ಲ.

ಮಾನದಂಡಗಳಲ್ಲಿ ಇದನ್ನು 'ಉಪಕರಣದ ವೈಯಕ್ತೀಕರಣ' ಎಂಬ ಅರ್ಥದ ಹೆಸರಿನಿಂದ ಕರೆದು ಐದು ಹಂತಗಳನ್ನು ವಿವರಿಸಲಾಗಿದೆ. ಜಾಲದ ಹಂತದ ಲಾಕ್ ಹೆಚ್ಚು ಸಾಮಾನ್ಯವಾದುದು. ಉಳಿದವು ಜಾಲದ ಉಪವಿಭಾಗ, ಸೇವಾದಾರ, ಸಂಸ್ಥೆ ಮತ್ತು ಒಂದೇ ಒಂದು ಸಿಮ್ ಎಂಬ ಹಂತಗಳಿಗೆ ಸಂಬಂಧಿಸಿವೆ. ಸೇವಾದಾರ ಹಂತದ ಲಾಕ್ ಕೆಲವೊಮ್ಮೆ ಗೊಂದಲ ಹುಟ್ಟಿಸುತ್ತದೆ. ಸ್ವಂತ ಗೋಪುರಗಳಿಲ್ಲದೆ ದೊಡ್ಡ ಕಂಪನಿಯ ಜಾಲವನ್ನು ಬಾಡಿಗೆಗೆ ಪಡೆದು ಸೇವೆ ನೀಡುವ ಕಂಪನಿಗಳು ಅಮೆರಿಕ ಮತ್ತು ಯುರೋಪಿನಲ್ಲಿ ಬಹಳಷ್ಟಿವೆ. ಅಂತಹ ಕಂಪನಿಗೆ ಲಾಕ್ ಆದ ಫೋನು, ಅದೇ ಗೋಪುರಗಳ ಮಾಲೀಕ ಕಂಪನಿಯ ಸಿಮ್ಮನ್ನೂ ಒಪ್ಪದಿರಬಹುದು. ಇ-ಸಿಮ್‌ಗೂ ಲಾಕ್ ಅನ್ವಯಿಸುತ್ತದೆ. ಪ್ಲಾಸ್ಟಿಕ್ ಕಾರ್ಡ್ ಇಲ್ಲ ಎಂಬುದರಿಂದ ನಿರ್ಬಂಧ ತಪ್ಪುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಾಕ್ ಪರೀಕ್ಷಿಸುವುದು ಸಿಮ್ಮನ್ನೇ ಹೊರತು ಗೋಪುರವನ್ನಲ್ಲ. ಆದ್ದರಿಂದ ಅಮೆರಿಕದ ಕಂಪನಿಗೆ ಲಾಕ್ ಆಗಿರುವ ಫೋನು, ಅದೇ ಕಂಪನಿಯ ಸಿಮ್‌ನೊಂದಿಗೆ ಬೆಂಗಳೂರಿಗೆ ಬಂದರೆ ರೋಮಿಂಗ್‌ನಲ್ಲಿ ಭಾರತೀಯ ಕಂಪನಿಯ ಗೋಪುರವನ್ನು ಹಿಡಿದು ಕೆಲಸ ಮಾಡಬಲ್ಲದು. ಅದೇ ಭಾರತೀಯ ಕಂಪನಿಯ ಸಿಮ್ ಹಾಕಿದರೆ ಮಾತ್ರ ಕೆಲಸ ಮಾಡುವುದಿಲ್ಲ. ರಜೆಗೆ ಬಂದ ಬಂಧುಗಳ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಫೋನು, ಅದನ್ನು ಊರಿನಲ್ಲಿ ಬಿಟ್ಟುಹೋದ ಮೇಲೆ ಸಿಗ್ನಲ್ ಕಳೆದುಕೊಳ್ಳುವುದಕ್ಕೆ ಇದೇ ಕಾರಣ.

ಲಾಕ್‌ನ ಲಕ್ಷಣಗಳು

ಲಾಕ್ ಆದ ಫೋನಿನ ಪರದೆಯಲ್ಲಿ ಮೂಡುವ ಸೂಚನೆಯು ತಯಾರಕರಿಗೆ ಅನುಗುಣವಾಗಿ ಬದಲಾಗುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳು ಜಾಲದ ಅನ್‌ಲಾಕ್ ಪಿನ್ ನಮೂದಿಸುವಂತೆ ಕೇಳುತ್ತವೆ. ಐಫೋನ್‌ಗಳು ಸಿಮ್ ಮಾನ್ಯವಲ್ಲ ಅಥವಾ ಬೆಂಬಲಿತವಲ್ಲ ಎನ್ನುತ್ತವೆ. ಹಳೆಯ ಕೆಲವು ಫೋನುಗಳು ಏನನ್ನೂ ಸ್ಪಷ್ಟವಾಗಿ ಹೇಳದೆ 'ತುರ್ತು ಕರೆ ಮಾತ್ರ' ಎಂದಷ್ಟೇ ತೋರಿಸುತ್ತವೆ.

ಈ ಕೊನೆಯ ಸೂಚನೆಯು ಅನೇಕರನ್ನು ದಾರಿ ತಪ್ಪಿಸುತ್ತದೆ. ಜಿಎಸ್‌ಎಂ ಮತ್ತು ಅದರ ನಂತರದ ಮಾನದಂಡಗಳ ಪ್ರಕಾರ, ಸಾಮಾನ್ಯ ಸೇವೆ ದೊರೆಯದ ಫೋನು ಸುತ್ತಲಿನ ಯಾವುದಾದರೂ ಕಂಪನಿಯ ಗೋಪುರಕ್ಕೆ 'ಸೀಮಿತ ಸೇವೆ'ಯಲ್ಲಿ ಅಂಟಿಕೊಂಡಿರಬಹುದು. 112ರಂತಹ ತುರ್ತು ಸಂಖ್ಯೆಗೆ ಕರೆ ಮಾಡಲು ಅವಕಾಶವಿರಲಿ ಎಂಬುದೇ ಇದರ ಉದ್ದೇಶ. ಈ ಸ್ಥಿತಿಯಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿಕೊಂಡಿರುವಂತೆಯೂ ಕಾಣಬಹುದು. ಕಡ್ಡಿಗಳಿವೆ ಎಂದ ಮಾತ್ರಕ್ಕೆ ಸೇವೆಯಿದೆ ಎಂದಲ್ಲ. ಹಾಗೆಯೇ ಲಾಕ್‌ನಿಂದಾಗಿ ಸಿಗ್ನಲ್ 'ಕಡಿಮೆ' ಆಗುವುದಿಲ್ಲ. ಲಾಕ್ ಎಂದರೆ ಸೇವೆ ಇದೆ ಅಥವಾ ಇಲ್ಲ, ನಡುವಿನ ಸ್ಥಿತಿಯೊಂದಿಲ್ಲ. ಮನೆಯೊಳಗೆ ಹೋಗಿ, ಹೊರಗೆ ಬಂದಂತೆ ಸಿಗ್ನಲ್ ಏರಿಳಿಯುತ್ತಿದ್ದರೆ, ಕರೆ ಅರ್ಧಕ್ಕೆ ಕಡಿದುಹೋಗುತ್ತಿದ್ದರೆ, ದೋಷವನ್ನು ಬೇರೆಡೆ ಹುಡುಕಬೇಕು.

ಒಂದೇ ರೀತಿ ಕಾಣುವ ಇತರ ಸಮಸ್ಯೆಗಳು

ಕಪ್ಪುಪಟ್ಟಿ: ಪ್ರತಿ ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ ಎಂಟು ಅಂಕಿಗಳು ಮಾದರಿಯನ್ನೂ ನಂತರದ ಆರು ಆ ಒಂದು ಫೋನನ್ನೂ ಗುರುತಿಸುತ್ತವೆ. ಕೊನೆಯದು ಉಳಿದ ಅಂಕಿಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಅಂಕಿ. ಕಳವಾದ ಅಥವಾ ಕಳೆದುಹೋದ ಫೋನಿನ ಐಎಂಇಐಯನ್ನು ಕಪ್ಪುಪಟ್ಟಿಗೆ ಸೇರಿಸಿದರೆ ಜಾಲವೇ ಆ ಫೋನನ್ನು ನಿರಾಕರಿಸುತ್ತದೆ. ಲಾಕ್‌ಗೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸವಿದು: ಲಾಕ್‌ನಲ್ಲಿ ಫೋನು ಸಿಮ್ಮನ್ನು ತಿರಸ್ಕರಿಸುತ್ತದೆ, ಕಪ್ಪುಪಟ್ಟಿಯಲ್ಲಿ ಜಾಲವು ಫೋನನ್ನು ತಿರಸ್ಕರಿಸುತ್ತದೆ. ಲಾಕ್ ಆದ ಫೋನಿನಲ್ಲಿ ಯಾವುದೋ ಒಂದು ಕಂಪನಿಯ ಸಿಮ್ ನಡೆಯುತ್ತದೆ. ಕಪ್ಪುಪಟ್ಟಿಯಲ್ಲಿರುವ ಫೋನಿನಲ್ಲಿ ಆ ದೇಶದ ಯಾವ ಸಿಮ್ಮೂ ನಡೆಯುವುದಿಲ್ಲ, ಆದರೆ ಅದೇ ಸಿಮ್ ಬೇರೆ ಫೋನಿನಲ್ಲಿ ಸರಿಯಾಗಿ ನಡೆಯುತ್ತದೆ. ಅನ್‌ಲಾಕ್ ಮಾಡಿಸುವುದರಿಂದ ಕಪ್ಪುಪಟ್ಟಿಯಿಂದ ಬಿಡುಗಡೆ ದೊರೆಯುವುದಿಲ್ಲ. ಎಲ್ಲ ದೇಶಗಳೂ ತಮ್ಮ ಕಪ್ಪುಪಟ್ಟಿಗಳನ್ನು ಪರಸ್ಪರ ಹಂಚಿಕೊಳ್ಳುವುದಿಲ್ಲವಾದ್ದರಿಂದ ಒಂದು ದೇಶದಲ್ಲಿ ನಿಷೇಧಿತವಾದ ಫೋನು ಇನ್ನೊಂದರಲ್ಲಿ ನಡೆಯುವುದುಂಟು. ಕದ್ದ ಫೋನುಗಳು ಗಡಿ ದಾಟುವುದಕ್ಕೆ ಇದೂ ಒಂದು ಕಾರಣ.

ಆವರ್ತನಗಳ ಹೊಂದಾಣಿಕೆ: ಲಾಕ್ ಇಲ್ಲದ ಫೋನಿನಲ್ಲಿಯೂ ಸಿಗ್ನಲ್ ಸಿಗದಿರಲು ಇದು ಬಹು ಸಾಮಾನ್ಯ ಕಾರಣ. ಮೊಬೈಲ್ ಸೇವೆಗೆ ಮೀಸಲಾದ ತರಂಗಾಂತರವನ್ನು ಬ್ಯಾಂಡ್‌ಗಳಾಗಿ ವಿಂಗಡಿಸಲಾಗಿದ್ದು, ಯಾವ ದೇಶದಲ್ಲಿ ಯಾವ ಬ್ಯಾಂಡ್ ಎಂಬುದು ಒಂದೇ ತೆರನಾಗಿಲ್ಲ. 2ಜಿ ಸೇವೆಗೆ ಅಮೆರಿಕ ಖಂಡಗಳಲ್ಲಿ 850 ಮತ್ತು 1900 ಮೆಗಾಹರ್ಟ್ಸ್, ಭಾರತ ಮತ್ತು ಯುರೋಪಿನಲ್ಲಿ 900 ಮತ್ತು 1800 ಮೆಗಾಹರ್ಟ್ಸ್ ಬಳಕೆಗೆ ಬಂದವು. ಭಾರತದ 4ಜಿ ಸೇವೆಯಲ್ಲಿ 1800 (ಬ್ಯಾಂಡ್ 3), 850 (ಬ್ಯಾಂಡ್ 5), 900 (ಬ್ಯಾಂಡ್ 8), 2300 (ಬ್ಯಾಂಡ್ 40), 2500 (ಬ್ಯಾಂಡ್ 41) ಮೆಗಾಹರ್ಟ್ಸ್‌ಗಳು ಮುಖ್ಯವಾದವು. 5ಜಿಯಲ್ಲಿ 3300 ಮೆಗಾಹರ್ಟ್ಸ್ ಸುತ್ತಲಿನ ಎನ್78 ಬ್ಯಾಂಡ್ ಪ್ರಧಾನವಾಗಿದ್ದು, ಜಿಯೋ ಇದರೊಂದಿಗೆ 700 ಮೆಗಾಹರ್ಟ್ಸ್‌ನ ಎನ್28 ಅನ್ನೂ ಬಳಸುತ್ತದೆ. ಹೆಸರಿಗೆ 700 ಮೆಗಾಹರ್ಟ್ಸ್ ಎಂದೇ ಇದ್ದರೂ ಅಮೆರಿಕದ 12, 13 ಮತ್ತು 17ನೆಯ ಬ್ಯಾಂಡ್‌ಗಳು ಭಾರತದ 28ನೆಯ ಬ್ಯಾಂಡ್‌ಗಿಂತ ಭಿನ್ನ.

2014ರ ಐಫೋನ್ 6 ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಹೆಚ್ಚಾಗಿ ಮಾರಾಟವಾದ ಎ1549 ಎಂಬ ಮಾದರಿಯಲ್ಲಿ ಬ್ಯಾಂಡ್ 40 ಇರಲಿಲ್ಲ. ಎ1586 ಎಂಬ ಮಾದರಿಯಲ್ಲಿ ಇತ್ತು. ಏರ್‌ಟೆಲ್ 2012ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ 4ಜಿ ಸೇವೆಯು 2300 ಮೆಗಾಹರ್ಟ್ಸ್‌ನದ್ದು, ಅಂದರೆ ಬ್ಯಾಂಡ್ 40ರದ್ದು. ಆದ್ದರಿಂದ ಹೊರಗಿನಿಂದ ನೋಡಲು ಒಂದೇ ಆಗಿದ್ದ ಎರಡು ಫೋನುಗಳಲ್ಲಿ ಒಂದಕ್ಕೆ ಆ ಬ್ಯಾಂಡಿನ 4ಜಿ ದೊರೆತರೆ ಇನ್ನೊಂದಕ್ಕೆ ದೊರೆಯುತ್ತಿರಲಿಲ್ಲ. ಎಷ್ಟು ಬಾರಿ ಅನ್‌ಲಾಕ್ ಮಾಡಿದರೂ ಇದು ಬದಲಾಗದು, ಏಕೆಂದರೆ ಕೊರತೆಯಿರುವುದು ರೇಡಿಯೋ ಭಾಗಗಳಲ್ಲಿ.

ವೋಲ್ಟಿ: 2016ರ ಸೆಪ್ಟೆಂಬರ್ 5ರಂದು ವಾಣಿಜ್ಯ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿ ಅಥವಾ 3ಜಿ ಜಾಲವೇ ಇಲ್ಲ. ಅದರಲ್ಲಿ ಮಾತನಾಡಬೇಕಾದರೆ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿ ಮೂಲಕ ಧ್ವನಿ ಕರೆ ಮಾಡುವ ಸೌಲಭ್ಯ, ಆ ಕಂಪನಿಗೆ ಹೊಂದುವಂತೆ ಇರಲೇಬೇಕು. ವಿದೇಶಿ ಕಂಪನಿಗಾಗಿ ಸಿದ್ಧಪಡಿಸಿದ ತಂತ್ರಾಂಶವಿರುವ ಫೋನಿನಲ್ಲಿ ಭಾರತೀಯ ಕಂಪನಿಗಳ ವೋಲ್ಟಿ ವಿವರಗಳು ಇಲ್ಲದಿದ್ದರೆ ಇಂಟರ್ನೆಟ್ ನಡೆಯುತ್ತದೆ, ಕರೆ ಹೋಗುವುದಿಲ್ಲ. ಇಂಟರ್ನೆಟ್ ಇದ್ದು ಕರೆ ಇಲ್ಲದಿದ್ದರೆ ಅದು ಲಾಕ್ ಅಲ್ಲ ಎಂದು ಬಹುತೇಕ ನಿಶ್ಚಯವಾಗಿ ಹೇಳಬಹುದು.

ಯಂತ್ರಾಂಶದ ದೋಷ: ನೀರಿಗೆ ಬಿದ್ದ ಅಥವಾ ಬಿಚ್ಚಿ ದುರಸ್ತಿ ಮಾಡಿದ ಫೋನುಗಳಲ್ಲಿ ಆಂಟೆನಾದ ತೆಳು ತಂತಿ ಸರಿಯಾಗಿ ಜೋಡಣೆಯಾಗದೆ ಉಳಿಯುವುದು, ಪವರ್ ಆಂಪ್ಲಿಫೈಯರ್ ಅಥವಾ ಮೋಡೆಮ್ ಚಿಪ್‌ನ ಬೆಸುಗೆ ಬಿರುಕು ಬಿಡುವುದು ಸಾಮಾನ್ಯ. ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಋಣಾತ್ಮಕ ಮಾನದಲ್ಲಿ ಅಳೆಯುತ್ತಾರೆ. 4ಜಿಯಲ್ಲಿ -80ರ ಆಸುಪಾಸು ಉತ್ತಮ, -110ಕ್ಕಿಂತ ಕೆಳಗೆ ದುರ್ಬಲ. ಒಂದೇ ಕಂಪನಿಯ ಸಿಮ್ ಹಾಕಿದ ಎರಡು ಫೋನುಗಳನ್ನು ಒಂದೇ ಮೇಜಿನ ಮೇಲಿಟ್ಟು, ಎರಡೂ ಒಂದೇ ಬ್ಯಾಂಡಿನಲ್ಲಿರುವಾಗ ನೋಡಿದರೆ, ಒಂದರಲ್ಲಿ 20 ಡಿಬಿಯಷ್ಟು ಕಡಿಮೆ ಬಲ ಸದಾ ಕಾಣುತ್ತಿದ್ದರೆ ಆಂಟೆನಾ ಭಾಗವನ್ನು ಶಂಕಿಸಬೇಕು. 20 ಡಿಬಿ ಎಂದರೆ ನೂರರಲ್ಲಿ ಒಂದು ಪಾಲು ಶಕ್ತಿ ಮಾತ್ರ ತಲುಪುತ್ತಿದೆ ಎಂದರ್ಥ. *#06# ಒತ್ತಿದಾಗ ಐಎಂಇಐ ಖಾಲಿಯಾಗಿ ಅಥವಾ ಬರೀ ಸೊನ್ನೆಗಳಾಗಿ ಬಂದರೆ ಮೋಡೆಮ್ ಅಥವಾ ಅದರ ಸ್ಮೃತಿಯೇ ಹಾಳಾಗಿರುತ್ತದೆ.

ಇವಲ್ಲದೆ ಮೂಲ ಮಾಲೀಕನ ಖಾತೆಗೆ ಸಂಬಂಧಿಸಿದ ಸಕ್ರಿಯಗೊಳಿಸುವಿಕೆ ಲಾಕ್ ಇದೆ. ಇದು ಫೋನನ್ನು ಒಳಗೆ ಪ್ರವೇಶಿಸಲೇ ಬಿಡುವುದಿಲ್ಲವಾದ್ದರಿಂದ ಸಿಗ್ನಲ್ ಸಮಸ್ಯೆಯೊಂದಿಗೆ ಬೆರೆಯುವ ಸಂಭವ ಕಡಿಮೆ. ಸ್ಯಾಮ್‌ಸಂಗ್ ಕಂಪನಿಯು 2013ರ ಗ್ಯಾಲಕ್ಸಿ ನೋಟ್ 3ರ ಕಾಲದಿಂದ ತಂದ ಪ್ರಾದೇಶಿಕ ಲಾಕ್ ಮತ್ತೊಂದು ಬಗೆಯದು. ಫೋನನ್ನು ಮಾರಿದ ಪ್ರದೇಶದ ಸಿಮ್‌ನಲ್ಲಿ ಮೊದಲು ಒಮ್ಮೆ ಬಳಸಿದರೆ ಅದು ತೆರವಾಗುತ್ತದೆ.

ಲಾಕ್ ತೆಗೆಯುವ ವಿಧಾನಗಳು

ಅತ್ಯಂತ ನೇರವಾದ ದಾರಿ, ಲಾಕ್ ಹಾಕಿಸಿದ ಮೂಲ ಕಂಪನಿಯನ್ನು ಕೇಳುವುದು. ಕರಾರಿನ ಅವಧಿ ಮುಗಿದಿದ್ದು, ಬಾಕಿ ಹಣ ಇಲ್ಲದಿದ್ದರೆ ಹಲವು ಕಂಪನಿಗಳು ಸಂಕೇತ ಸಂಖ್ಯೆಯನ್ನು ನೀಡುತ್ತವೆ ಅಥವಾ ತಯಾರಕರ ಸರ್ವರ್‌ನಲ್ಲಿ ಆ ಐಎಂಇಐಯನ್ನು ಮುಕ್ತವೆಂದು ದಾಖಲಿಸುತ್ತವೆ. ಐಫೋನ್‌ಗಳಲ್ಲಿ ಸಂಕೇತ ಸಂಖ್ಯೆ ಎಂಬುದೇ ಇಲ್ಲ. ದಾಖಲೆ ಬದಲಾದ ನಂತರ ಇಂಟರ್ನೆಟ್ ಮೂಲಕ ಫೋನು ತಾನೇ ಮುಕ್ತವಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರ ಕಷ್ಟವಿರುವುದೂ ಇಲ್ಲಿಯೇ. ಬಾಕಿ ಇರುವುದು ಮೊದಲ ಮಾಲೀಕನ ಖಾತೆಯಲ್ಲಿ. ಆತ ಯಾರೆಂದು ಕೊಂಡವರಿಗೆ ಗೊತ್ತಿರುವುದಿಲ್ಲ. ಕಂಪನಿಯು ಆತನ ವಿವರವನ್ನು ಹೇಳುವುದಿಲ್ಲ.

ಹಳೆಯ ಕೆಲವು ನೋಕಿಯಾ ಫೋನುಗಳಲ್ಲಿ ಸಂಕೇತ ಸಂಖ್ಯೆಯನ್ನು ಐಎಂಇಐ ಮತ್ತು ಕಂಪನಿಯ ಜಾಲ ಸಂಕೇತದ ಆಧಾರದ ಮೇಲೆ ಸೂತ್ರವೊಂದರಿಂದ ಲೆಕ್ಕ ಹಾಕಲಾಗುತ್ತಿತ್ತು. ಆ ಸೂತ್ರ ಹೊರಬಿದ್ದ ಮೇಲೆ ಕಂಪ್ಯೂಟರ್ ಇದ್ದ ಯಾರು ಬೇಕಾದರೂ ಲಾಕ್ ತೆಗೆಯುವಂತಾಯಿತು. ನಂತರ ತಯಾರಕರು ಸೂತ್ರವನ್ನು ಕೈಬಿಟ್ಟು ಪ್ರತಿ ಫೋನಿಗೂ ಯಾದೃಚ್ಛಿಕ ಸಂಖ್ಯೆಯನ್ನು ಕೊಟ್ಟು ದತ್ತಸಂಚಯದಲ್ಲಿ ಇರಿಸತೊಡಗಿದರು. ತಪ್ಪು ಸಂಖ್ಯೆಯನ್ನು ಮತ್ತೆ ಮತ್ತೆ ನಮೂದಿಸಿದರೆ ಹಲವು ಫೋನುಗಳು ಶಾಶ್ವತವಾಗಿ ಮುಂದಿನ ಪ್ರಯತ್ನಗಳನ್ನು ಸ್ವೀಕರಿಸುವುದಿಲ್ಲ. ಹಳೆಯ ನೋಕಿಯಾಗಳಲ್ಲಿ ಐದು ಪ್ರಯತ್ನಗಳ ಮಿತಿಯಿತ್ತು. ಊಹೆಯ ಮೇಲೆ ಸಂಖ್ಯೆಗಳನ್ನು ಒತ್ತುವುದು ಆದ್ದರಿಂದ ಅಪಾಯಕಾರಿ.

ಮೂರನೆಯ ವಿಧಾನ, ಸಿಮ್ ಮತ್ತು ಫೋನಿನ ನಡುವೆ ಕಾಗದದಷ್ಟು ತೆಳುವಾದ ಚಿಪ್ ಒಂದನ್ನು ಇಡುವುದು. ಇದು ಫೋನು ಗುರುತು ಕೇಳಿದಾಗ ಅನುಮತಿ ಇರುವ ಕಂಪನಿಯ ಸಿಮ್ಮೇ ಒಳಗಿದೆ ಎಂಬಂತೆ ಉತ್ತರ ಕೊಟ್ಟು, ಜಾಲದಲ್ಲಿ ನೋಂದಣಿಯಾಗುವಾಗ ನಿಜವಾದ ಸಿಮ್ಮಿನ ಉತ್ತರವನ್ನು ಮುಂದಿಡುತ್ತದೆ. ಹೀಗೆ ನಡೆಯುವ ಐಫೋನ್‌ಗಳನ್ನು ಪೂರ್ಣ ಮುಕ್ತವಾದವೆಂದು ಮಾರುವುದುಂಟು. ಆದರೆ ಲಾಕ್ ಇಲ್ಲಿ ತೆರವಾಗಿರುವುದಿಲ್ಲ, ಮರೆಮಾಚಲ್ಪಟ್ಟಿರುತ್ತದೆ ಅಷ್ಟೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ, ಫೋನನ್ನು ಅಳಿಸಿ ಮತ್ತೆ ಸಕ್ರಿಯಗೊಳಿಸಿದಾಗ ಅಥವಾ ಸಿಮ್ ಬದಲಿಸಿದಾಗ ಸೇವೆ ಒಮ್ಮೆಲೇ ನಿಂತುಹೋಗಬಹುದು. ಆಗಾಗ ಸಿಗ್ನಲ್ ಮಾಯವಾಗಿ ಮರಳಿ ಬರುವುದು ಇಂತಹ ಫೋನುಗಳಲ್ಲಿ ಕಂಡುಬರುವ ದೂರು. ಸಿಮ್ ಟ್ರೇಯನ್ನು ಹೊರಗೆಳೆದು ಕಾರ್ಡಿನ ಅಡಿಯಲ್ಲಿ ಮತ್ತೊಂದು ಪದರವಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ.

ವಿವಿಧ ದೇಶಗಳ ಕಾನೂನು

ಅಮೆರಿಕದಲ್ಲಿ 1998ರ ಡಿಜಿಟಲ್ ಮಿಲೇನಿಯಮ್ ಹಕ್ಕುಸ್ವಾಮ್ಯ ಕಾಯಿದೆಯು ತಂತ್ರಾಂಶದ ರಕ್ಷಾ ಕವಚವನ್ನು ಮುರಿಯುವುದನ್ನು ನಿಷೇಧಿಸಿತು. ಫೋನಿನ ಲಾಕ್ ತೆಗೆಯುವುದು ಆ ನಿಷೇಧಕ್ಕೆ ಒಳಪಡುತ್ತದೆಯೇ ಎಂಬ ಪ್ರಶ್ನೆ ಎದ್ದಾಗ, ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರು 2006 ಮತ್ತು 2010ರಲ್ಲಿ ವಿನಾಯಿತಿ ನೀಡಿದರು. ಹಕ್ಕುಸ್ವಾಮ್ಯದ ಅಧಿಕಾರ ಗ್ರಂಥಾಲಯಕ್ಕೆ ಸೇರಿರುವುದರಿಂದ ಫೋನಿನ ವಿಷಯವೂ ಅಲ್ಲಿಗೇ ಹೋದದ್ದು ಒಂದು ವಿಚಿತ್ರ. 2012ರಲ್ಲಿ ಆ ವಿನಾಯಿತಿಯನ್ನು ಮುಂದುವರಿಸಲಿಲ್ಲ. 2013ರ ಜನವರಿ 26ರ ನಂತರ ಕೊಂಡ ಫೋನುಗಳ ಲಾಕ್ ತೆಗೆಯಲು ಕಂಪನಿಯ ಅನುಮತಿ ಅಗತ್ಯವಾಯಿತು. ಇದರ ವಿರುದ್ಧ ಶ್ವೇತಭವನಕ್ಕೆ ಸಲ್ಲಿಕೆಯಾದ ಮನವಿಗೆ 1 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಬರಾಕ್ ಒಬಾಮ ಅನ್‌ಲಾಕ್ ಮಾಡುವ ಹಕ್ಕನ್ನು ಮರಳಿ ಕೊಡುವ ಕಾಯಿದೆಗೆ ಅಂಕಿತ ಹಾಕಿದರು. ಆದರೆ ಲಾಕ್ ಹಾಕಿ ಮಾರುವುದನ್ನು ಆ ಕಾಯಿದೆ ನಿಷೇಧಿಸಲಿಲ್ಲ.

ಬೇರೆ ದೇಶಗಳು ಮಾರಾಟದ ಹಂತದಲ್ಲಿಯೇ ಲಾಕ್ ತಡೆಯುವ ಕ್ರಮ ಕೈಗೊಂಡವು. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಮುಕ್ತವಾಗಿಯೇ ಮಾರಬೇಕೆಂದೂ ಹಳೆಯವನ್ನು ಶುಲ್ಕವಿಲ್ಲದೆ ಅನ್‌ಲಾಕ್ ಮಾಡಿಕೊಡಬೇಕೆಂದೂ ಆದೇಶವಾಯಿತು. ಜಪಾನ್ 2021ರ ಅಕ್ಟೋಬರ್‌ನಿಂದ, ಬ್ರಿಟನ್ 2021ರ ಡಿಸೆಂಬರ್ 17ರಿಂದ ಇಂತಹ ನಿಯಮವನ್ನು ಜಾರಿಗೆ ತಂದವು. ಈ ದಿನಾಂಕಗಳು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಉಪಯುಕ್ತ. ಆ ದಿನಾಂಕಕ್ಕಿಂತ ಹಿಂದೆ ಆ ದೇಶದಲ್ಲಿ ಮಾರಾಟವಾದ ಫೋನಾಗಿದ್ದರೆ ಲಾಕ್ ಇರುವ ಸಾಧ್ಯತೆಯನ್ನು ಮನಸ್ಸಿನಲ್ಲಿಡಬೇಕು.

ಭಾರತದಲ್ಲಿ

ಭಾರತದಲ್ಲಿ ಗ್ರಾಹಕರು ಫೋನಿಗೆ ಪೂರ್ಣ ಬೆಲೆ ಕೊಟ್ಟು, ಸಿಮ್ಮನ್ನು ಪ್ರತ್ಯೇಕವಾಗಿ ಪ್ರೀಪೇಯ್ಡ್ ರೂಪದಲ್ಲಿ ಕೊಳ್ಳುವ ರೂಢಿಯೇ ಬೆಳೆದುದರಿಂದ ಲಾಕ್ ಆದ ಫೋನುಗಳು ವಿರಳ. ಅಪವಾದಗಳೂ ಇವೆ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿಗಳ ಆರಂಭಿಕ ಪಾವತಿಗೆ ನೀಡಿದ ಸಿಡಿಎಂಎ ಫೋನುಗಳು ಆ ಕಂಪನಿಯ ಜಾಲದಲ್ಲಿ ಮಾತ್ರ ಬಳಕೆಗೆ ಬರುತ್ತಿದ್ದವು. 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಬಂದ ಐಫೋನ್ 3ಜಿ ಆಯಾ ಕಂಪನಿಯ ಜಾಲಕ್ಕೆ ಸೀಮಿತವಾಗಿತ್ತು. 8 ಜಿಬಿಯದ್ದಕ್ಕೆ 31,000 ರೂಪಾಯಿ ಕೊಟ್ಟ ಮೇಲೂ ಲಾಕ್ ಉಳಿದದ್ದು ಆಗ ಟೀಕೆಗೆ ಗುರಿಯಾಯಿತು. 2017ರಲ್ಲಿ 1,500 ರೂಪಾಯಿಗಳ ಮರುಪಾವತಿ ಠೇವಣಿಯ ಮೇಲೆ ಬಂದ ಜಿಯೋಫೋನ್‌ನಲ್ಲಿ ಜಿಯೋ ಸಿಮ್ ಬಿಟ್ಟು ಬೇರೆ ಸಿಮ್ ನಡೆಯುವುದಿಲ್ಲ. ಹಳೆಯ ಜಿಯೋಫೋನನ್ನು ಕಡಿಮೆ ಬೆಲೆಗೆ ಕೊಂಡು, ತಮ್ಮ ಊರಿನಲ್ಲಿ ಸಿಗುವ ಬೇರೆ ಕಂಪನಿಯ ಸಿಮ್ ಹಾಕಿ ಸಿಗ್ನಲ್ ಹುಡುಕುವವರು ಈ ವಿಷಯವನ್ನು ತಿಳಿದಿರುವುದಿಲ್ಲ.

ಕಳವಾದ ಫೋನುಗಳ ತಡೆಗಾಗಿ ದೂರಸಂಪರ್ಕ ಇಲಾಖೆಯು ಕೇಂದ್ರೀಯ ಉಪಕರಣ ಗುರುತು ದಾಖಲೆಯನ್ನು (ಸಿಇಐಆರ್) ಸ್ಥಾಪಿಸಿದೆ. ಸಿ-ಡಾಟ್ ಸಂಸ್ಥೆಯು ಸಿದ್ಧಪಡಿಸಿದ ಈ ವ್ಯವಸ್ಥೆಯು ಕರ್ನಾಟಕವೂ ಸೇರಿ ಕೆಲವು ವಲಯಗಳಲ್ಲಿ ಪ್ರಾಯೋಗಿಕವಾಗಿ ನಡೆದು, 2023ರ ಮೇ ತಿಂಗಳಿನಲ್ಲಿ 'ಸಂಚಾರ್ ಸಾಥಿ' ಜಾಲತಾಣದೊಂದಿಗೆ ದೇಶಾದ್ಯಂತ ಜಾರಿಗೆ ಬಂದಿತು. ಪೊಲೀಸ್ ದೂರಿನ ಪ್ರತಿಯೊಂದಿಗೆ ಕೋರಿಕೆ ಸಲ್ಲಿಸಿದರೆ ಕಳೆದುಹೋದ ಫೋನು ಭಾರತದ ಎಲ್ಲ ಜಾಲಗಳಲ್ಲೂ ನಿರ್ಬಂಧಿತವಾಗುತ್ತದೆ. ಮರಳಿ ದೊರೆತರೆ ನಿರ್ಬಂಧ ತೆಗೆಸಬಹುದು.

ಲಾಕ್ ತೆಗೆಯುವುದು ಬೇರೆ, ಐಎಂಇಐಯನ್ನು ತಿದ್ದುವುದು ಬೇರೆ. ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಉಸಿರಿನಲ್ಲಿ 'ಸಾಫ್ಟ್‌ವೇರ್ ಕೆಲಸ' ಎಂದು ಹೇಳುವುದರಿಂದ ಗ್ರಾಹಕರು ಮೋಸಹೋಗುತ್ತಾರೆ. ಐಎಂಇಐ ತಿದ್ದುಪಡಿಯನ್ನು 2017ರ ನಿಯಮಗಳು ನಿಷೇಧಿಸಿದ್ದು, 2023ರ ದೂರಸಂಪರ್ಕ ಕಾಯಿದೆಯಡಿ ದೂರಸಂಪರ್ಕ ಗುರುತುಗಳನ್ನು ತಿದ್ದುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಖರೀದಿಗೆ ಮುನ್ನ ಪರಿಶೀಲನೆ

ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಗಾಂಧಿನಗರದಂತಹ ಪೇಟೆಯಲ್ಲಾಗಲಿ, ಪರಿಚಿತರ ಕೈಯಿಂದಾಗಲಿ ಫೋನು ಕೊಳ್ಳುವಾಗ ವೈಫೈಯಲ್ಲಿ ವಿಡಿಯೋ ಓಡಿಸಿ ನೋಡಿದರೆ ಸಾಲದು. ಕನಿಷ್ಠ ಎರಡು ಬೇರೆ ಬೇರೆ ಕಂಪನಿಗಳ ಸಿಮ್‌ಗಳನ್ನು ಹಾಕಿ, ವೈಫೈ ಆರಿಸಿ, ಕರೆ ಮಾಡಿ, ಒಳಬರುವ ಕರೆಯನ್ನೂ ಸ್ವೀಕರಿಸಿ ನೋಡಬೇಕು. ಒಂದೇ ಸಿಮ್‌ನಿಂದ ಪರೀಕ್ಷಿಸಿದರೆ ಅದು ಲಾಕ್ ಆದ ಕಂಪನಿಯದ್ದೇ ಆಗಿರಬಹುದು. ಐಒಎಸ್ 14 ಮತ್ತು ನಂತರದ ಐಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಸಾಮಾನ್ಯ ವಿಭಾಗದಲ್ಲಿರುವ ಫೋನಿನ ಪರಿಚಯ ಪುಟದಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲು ಇರುತ್ತದೆ. ಅಲ್ಲಿ ಸಿಮ್ ನಿರ್ಬಂಧಗಳಿಲ್ಲ ಎಂದಿದ್ದರೆ ಲಾಕ್ ಇಲ್ಲ. ಚಿಪ್ ಇಟ್ಟು ನಡೆಸುತ್ತಿರುವ ಫೋನಿನಲ್ಲಿ ಈ ಸಾಲು ನಿಜವನ್ನು ಹೇಳಿಬಿಡುತ್ತದೆ.

*#06# ಒತ್ತಿದಾಗ ಬರುವ ಐಎಂಇಐ, ಪೆಟ್ಟಿಗೆಯ ಮೇಲಿನ ಸಂಖ್ಯೆ ಮತ್ತು ಬಿಲ್ಲಿನ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಕೆ, ವೈ, ಎಂ ಎಂಬ ಮೂರು ಆಂಗ್ಲ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು ಐಎಂಇಐಯನ್ನು ಸೇರಿಸಿ 14422 ಸಂಖ್ಯೆಗೆ ಸಂದೇಶ ಕಳುಹಿಸಿದರೆ ಆ ಫೋನಿನ ಸ್ಥಿತಿ ತಿಳಿಯುತ್ತದೆ. ಸಂಚಾರ್ ಸಾಥಿ ಜಾಲತಾಣದಲ್ಲಿಯೂ ಇದೇ ಸೌಲಭ್ಯವಿದೆ. ಉತ್ತರದಲ್ಲಿ ಕಪ್ಪುಪಟ್ಟಿ, ನಕಲು ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಕೊಳ್ಳಬಾರದೆಂದು ಇಲಾಖೆ ಸೂಚಿಸುತ್ತದೆ. ಸಿಇಐಆರ್ ದಾಖಲೆಯಲ್ಲಿ ಲಾಕ್‌ನ ಮಾಹಿತಿ ಇರುವುದಿಲ್ಲವಾದ್ದರಿಂದ ಈ ಪರಿಶೀಲನೆಯಲ್ಲಿ ಶುದ್ಧವೆಂದು ಬಂದ ಫೋನು ವಿದೇಶಿ ಕಂಪನಿಯೊಂದಕ್ಕೆ ಲಾಕ್ ಆಗಿರಲೂ ಸಾಧ್ಯ. ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹುಡುಕಿ, ತಾವು ಬಳಸುವ ಕಂಪನಿಯ ಬ್ಯಾಂಡ್‌ಗಳು ಅದರಲ್ಲಿವೆಯೇ ಎಂದು ನೋಡುವ ಕೆಲಸವನ್ನು ಹಣ ಕೊಡುವ ಮೊದಲೇ ಮುಗಿಸಬೇಕು. ಲಾಕ್ ಆಗಿದೆಯೆಂದು ನಂತರ ತಿಳಿದುಬಂದರೆ, ಬಿಲ್ಲು ಇದ್ದವರಿಗೆ ಮಾತ್ರ ಮಾರಿದ ಅಂಗಡಿಯವರನ್ನು ಅಥವಾ ಗ್ರಾಹಕ ಆಯೋಗವನ್ನು ಆಧಾರಸಹಿತವಾಗಿ ಕೇಳಲು ದಾರಿಯಿರುತ್ತದೆ. ಆ ಬಿಲ್ಲಿನಲ್ಲಿ ಐಎಂಇಐ ಸಂಖ್ಯೆಯನ್ನೂ ಲಾಕ್ ಇಲ್ಲವೆಂಬ ಮಾತನ್ನೂ ಬರೆಸಿಕೊಳ್ಳುವುದು ರೂಢಿಯಲ್ಲಿಲ್ಲವಾದರೂ ಬರೆಸಿಕೊಳ್ಳಬಹುದು.